ಯಾರ ಮಗಳಬೇ ನೀ

ಜೂನ್ ೧೪, ಶನಿವಾರ. ಅಫಜಲಪುರ.

ಮೊಬೈಲ್ ಗೇಮಿನಲ್ಲಿ ಜೊತೆಗೆ ಆಡುವ ಯಾರೋ ಒಬ್ಬ ಕೇಳಿದನೆಂದು ಮಗಳು ಭಾಗ್ಯಾ ಅಪ್ಪನ ಹೆಸರು, ಶಾಲೆ, ನಮ್ಮ ಓಣಿ ಎಲ್ಲ ಹೇಳಿಬಿಟ್ಟಿದ್ದಾಳೆ. ಬೈಯಲು ಹೋದೆ. "ದೊಡ್ಡವರು ಯಾರ ಮಗಳಬೇ ನೀ ಅಂತ ಕೇಳಿದ್ರ ಹೇಳಬೇಕಂತ ನೀನೇ ಕಲಿಸಿದ್ದಿ ಅವ್ವಾ" ಎಂದಳು. ನಿಜ. ಬಸ್ಸಿನಲ್ಲಿ, ಸಂತೆಯಲ್ಲಿ, ಯಾರು ಕೇಳಿದರೂ ನಾನೇ ಬೆನ್ನು ತಟ್ಟಿ ಹೇಳಿಸುತ್ತಿದ್ದೆ.

ಇವತ್ತು ಅವನು ಫೋಟೊ ಕೇಳಿದ್ದಾನೆ, ಅವ್ವನಿಗೆ ಹೇಳಬೇಡ ಎಂದೂ ಬರೆದಿದ್ದಾನೆ. ಇವಳು ಕಳಿಸದೆ ಮೊಬೈಲ್ ತಂದು ನನ್ನ ಕೈಗೆ ಕೊಟ್ಟಳು. ಮೆಸೇಜು ಅಳಿಸಿಲ್ಲ, ನಾಳೆ ಠಾಣೆಯಲ್ಲಿ ತೋರಿಸಬೇಕು. ಯಾಕೆ ಕಳಿಸಲಿಲ್ಲ ಎಂದು ಕೇಳಿದೆ.

"ನಿಮ್ಮದು ಯಾವೂರ್ರಿ, ಯಾರ ಮನಿಯವರ್ರಿ ಅಂತ ನಾನೂ ಮೂರ ಸಲ ಕೇಳಿದೆ. ಅವ್ರು ಹೇಳಲೇ ಇಲ್ಲ."

ಅದನ್ನು ನಾನು ಕಲಿಸಿದ ನೆನಪಿಲ್ಲ.