ಅಂಬುಜ ಏನು ಓದಬೇಕು

ಕುದೂರು
೪ ಜುಲೈ ೧೯೯೧

ಅಂಬುಜಳ ಅಪ್ಪನಿಗೆ ನಾಗಲಕ್ಷ್ಮಿಯ ನಮಸ್ಕಾರ.

ನಿಮ್ಮ ಮಂಡಿನೋವು ಈಗ ಹೇಗಿದೆ? ಪರೇಡು ಮುಗಿದ ಮೇಲೆ ಬಿಸಿನೀರು ಹಾಕಿಕೊಳ್ಳುತ್ತೀರೋ, ಇಲ್ಲ ಮಿಲಿಟರಿ ಜಂಬದಲ್ಲಿ ಹಾಗೇ ಓಡಾಡುತ್ತೀರೋ, ಇಷ್ಟು ದೂರದಿಂದ ನನಗೇನು ಕಾಣುತ್ತದೆ! ಅತ್ತೆ ಚೆನ್ನಾಗಿದ್ದಾರೆ. ಎಲೆಅಡಿಕೆ ಕಡಿಮೆ ಮಾಡಿ ಅಂದರೆ ಮಾತ್ರ ನನ್ನ ಮೇಲೆ ಮುನಿಸು.

ನಿಮ್ಮ ಕಾಗದ ಬಂತು. 'ಮೇಷ್ಟ್ರು ಹೇಳಿದಂಗೆ ಮಾಡು, ಅವರಿಗೆ ತಿಳೀತದೆ' ಎಂದು ಬರೆದಿದ್ದೀರಿ. ಬೋರಲಿಂಗಯ್ಯ ಮೇಷ್ಟ್ರು ಹೇಳಿದ್ದೇನೆಂದು ಪೂರ್ತಿ ಕೇಳಿ, ಆಮೇಲೆ ಕೋಪ ಮಾಡಿಕೊಳ್ಳಿ. ಎಸ್ಸೆಸ್ಸೆಲ್ಸಿ ಪಾಸಾದವರ ಮನೆಯವರನ್ನೆಲ್ಲ ಹೈಸ್ಕೂಲಿಗೆ ಕರೆಸಿದ್ದರು, ಮುಂದೇನು ಓದಿಸಬೇಕೆಂದು ಸಲಹೆ ಕೊಡಲು. ಕೃಷ್ಣಪ್ಪನ ಮಗನನ್ನು, 'ಏನಾಗ್ಬೇಕು ಅಂತಿದ್ದೀಯಪ್ಪಾ?' ಎಂದು ಕೇಳಿದರು. ಲೆಕ್ಕದಲ್ಲಿ ಹೇಗೋ ದಡ ಸೇರಿದ ಹುಡುಗ ಅವನು. ಅವನಿಗೆ ಸೈನ್ಸು. ನಮ್ಮ ಅಂಬುಜಳ ಸರದಿ ಬಂದಾಗ ಅವಳ ಕಡೆ ನೋಡಲೂ ಇಲ್ಲ, 'ಮನೇಲಿ ರೇಷ್ಮೆ ಹುಳಕ್ಕೆ ಸೊಪ್ಪು ಹಾಕೋರು ಯಾರಮ್ಮ?' ಎಂದು ನನ್ನನ್ನು ಕೇಳಿದರು. ಇವಳೇ ಎಂದು ಹೆಮ್ಮೆಯಿಂದ ಹೇಳಿದೆ. ಅದೇ ತಪ್ಪಾಯಿತು. 'ಅಂಗಾದ್ರೆ ಇಲ್ಲೇ ಆರ್ಟ್ಸ್ ಕೊಡ್ಸಿ, ಮದ್ಯಾನ್ನಕ್ಕೇ ಮನೇಲಿರ್ತಾಳೆ. ಸೈನ್ಸ್ ಅಂದ್ರೆ ದಿನಾ ಮಾಗಡಿ ಬಸ್ಸು, ಸಂಜೆ ಸೊಪ್ಪಿನ ಗತಿ ಏನು?' ಎಂದರು.

ನನಗೆ ಮೈಯೆಲ್ಲ ಉರಿದುಹೋಯಿತು. ಅಷ್ಟು ಜನರ ಮುಂದೆಯೇ, 'ಹುಳ ಮೇಯ್ಸಕ್ಕೆ ಹೆತ್ನಾ ಸಾ ನಾನು ಇವಳ್ನ? ಒಸಿ ಅವಳನ್ನೇ ಕೇಳಿ' ಅಂದುಬಿಟ್ಟೆ. ಅಂಬುಜ ತಲೆ ತಗ್ಗಿಸಿಕೊಂಡೇ 'ಸೈನ್ಸು ಸಾ' ಅಂದಳು. ಮೇಷ್ಟ್ರು ನಕ್ಕು, 'ಅವರಪ್ಪನಿಗೇ ಬರೀತೀನಿ ಬುಡಿ' ಎಂದರು. ಬರೆದರು, ನೀವೂ ತಲೆಯಾಡಿಸಿದಿರಿ. ನಿಮ್ಮ ಕಾಗದ ಓದಿ ಮಡಚಿಟ್ಟು ಅವಳು ಸೊಪ್ಪು ಕೊಯ್ಯಲು ಹೋದಳು. ಆ ಮುಖ ನೀವು ನೋಡಿಲ್ಲ, ನಾನು ನೋಡಿದ್ದೇನೆ. ಇದುವರೆಗೆ ನಾನು ನಿಮ್ಮ ಮಾತು ಮೀರಿದವಳಲ್ಲ. ಈ ಒಂದು ಮಾತು ಮಾತ್ರ ನಡೆಸಲಾರೆ.

ಹೊತ್ತಿಗೆ ಸರಿಯಾಗಿ ಊಟ ಮಾಡಿ. ಅತ್ತೆಯ ಆಶೀರ್ವಾದ, ಅಂಬುಜಳ ನಮಸ್ಕಾರ.

ನಿಮ್ಮ
ನಾಗಲಕ್ಷ್ಮಿ

ಇನ್ನೊಂದು ಮಾತು: ಮಾಗಡಿ ಕಾಲೇಜಿಗೆ ಸೇರಲು ಕೊನೆಯ ದಿನವೇ ಹುಳ ಹಣ್ಣಾಗಿ ಗೂಡು ಕಟ್ಟಲು ನಿಂತವು. ತಟ್ಟೆಯಿಂದ ಆರಿಸಿ, ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗೆ ಬಿಡಲು ಮನೆಮಂದಿಯೆಲ್ಲ ಬೇಕಾದ ದಿನ. 'ಹೋಗ್ರವ್ವ, ನಾ ನೋಡ್ಕತೀನಿ' ಎಂದವರು ನಿಮ್ಮ ಅಮ್ಮನೇ. ನಾವಿಬ್ಬರೂ ಬಸ್ಸು ಹತ್ತಿದೆವು. ಸಂಜೆ ಬರುವಷ್ಟರಲ್ಲಿ ಅರ್ಧ ಹುಳ ತಟ್ಟೆಯಲ್ಲೇ ನೂಲು ಬಿಟ್ಟು ಹಾಳಾಗಿದ್ದವು. ಆಗಲಿ, ಹುಳಕ್ಕೆ ಇನ್ನೊಂದು ಬೆಳೆ ಇದೆ. ಸೋಮವಾರದಿಂದ ಅವಳು ಸೈನ್ಸ್ ಕ್ಲಾಸಿಗೆ ಹೋಗುತ್ತಿದ್ದಾಳೆ. ಬೈಯುವುದಿದ್ದರೆ ನನ್ನ ಹೆಸರಿಗೆ ಬರೆಯಿರಿ, ಅವಳಿಗೆ ಓದುವುದಿದೆ.