ಆಂಟೆನಾ ಮೇಲೆ ಡಬರಿ

೭ ಜೂನ್ ೧೯೯೭, ಶನಿವಾರ, ಕುಂದಾಣ

ರವಿ ನಕ್ಕುಬಿಟ್ಟರು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು!

ಅವರು ಸಂಶೋಧನೆಗೆಂದು ಮಹಡಿಯ ಮೇಲೆ ಇಟ್ಟಿರುವ ಜಿಪಿಎಸ್ ಆಂಟೆನಾ ಎಂದರೆ ನನಗೂ ಪ್ರಾಣ. ಗಾಳಿಯಲ್ಲಿ ನೀರಾವಿ ಹೆಚ್ಚಿದಷ್ಟೂ ಉಪಗ್ರಹದ ಸಂಕೇತ ತಡವಾಗಿ ತಲುಪುತ್ತದಂತೆ. ಆ ತಡದಿಂದಲೇ ಆವಿಯನ್ನು ಅಳೆಯುತ್ತಾರೆ. ಎಷ್ಟು ಚೆಂದ! ಈ ಮನೆಯಲ್ಲಿ ಗಂಡ ಹೆಂಡತಿ ನಾವಿಬ್ಬರೇ ಇರಬಹುದಾದ ಜಾಗವೂ ಅದೊಂದೇ. ಸಂಜೆ ನಾನು ಟಾರ್ಚ್ ಹಿಡಿಯುತ್ತೇನೆ, ಅವರು ಅಂಕಿ ಓದುತ್ತಾರೆ.

ಮಧ್ಯಾಹ್ನ ಮುಂಗಾರಿನ ಮೊದಲ ಮಳೆ ಬಂತು. ಪಾಪ, ಆಂಟೆನಾ ನೆನೆಯುತ್ತದೆಂದು ಓಡಿಹೋಗಿ ದೊಡ್ಡ ಅಲ್ಯೂಮಿನಿಯಂ ಡಬರಿ ಕವುಚಿ ಬಂದೆ. ಲೋಹ ದಾಟಿ ಸಂಕೇತ ಬರುವುದಿಲ್ಲವಂತೆ. ಅವರು ತಿಂಗಳಿಂದ ಕಾದಿದ್ದ ಮಳೆಯ ಲೆಕ್ಕವೆಲ್ಲ ಹೋಯಿತು.

"ಕಾನ್ವೆಂಟ್ ಸೊಸೆ ಕಣಪ್ಪಾ," ಎಂದರು ಅತ್ತೆ. "ನಿನ್ ಮಿಷನ್ನಿಗೆ ನೆಗಡಿ ಆಗ್ಬಾರ್ದು ಅಂತ ಡಬರಿ ಮುಚ್ಚವ್ಳೆ. ನಾಳೆ ಸ್ವೆಟರ್ ಹೆಣೀತಾಳೆ, ನೋಡ್ತಿರು!"

ಎಲ್ಲರ ಜೊತೆ ರವಿಯೂ ನಕ್ಕರು. ಆಮೇಲೆ ನನ್ನ ಕಡೆ ನೋಡದೆ, "ಅಮ್ಮ, ಇನ್ಮೇಲೆ ಇವಳನ್ನ ಮಹಡಿ ಹತ್ತೋಕೆ ಬಿಡ್ಬೇಡ" ಎಂದರು.

ಈಗ ಟಾರ್ಚ್ ಹಿಡಿಯಲು ನಾದಿನಿ ಭಾನುಪ್ರಿಯಾ ಹೋಗಿದ್ದಾಳೆ. ಅವರ ಮಾತು ಇಲ್ಲಿಗೂ ಕೇಳುತ್ತಿದೆ. ಮತ್ತೆ ಮೋಡ ಕಟ್ಟಿದೆಯಂತೆ, ಅದಕ್ಕೇ ಸಂಭ್ರಮ. ಮಳೆ ಬರದಿರಲಿ. ಮಾವನ ಹೊಲ ಒಣಗಿದರೂ ಸರಿ, ಈ ವರ್ಷವಿಡೀ ಒಂದು ಹನಿಯೂ ಬೀಳದಿರಲಿ. ಅಳೆಯಲು ಏನೂ ಸಿಗದೆ ರವಿ ಇಳಿದು ಬರಲಿ, ನನ್ನ ಹತ್ತಿರ, ಆಗ ನಾನು…