ಪೆಟ್ರೋಲ್ ಪಂಪಿನೆದುರು ಚಕ್ಕಳಮಕ್ಕಳ

ಅಗ್ನಿಸುರಕ್ಷತೆಯ ಹೊಣೆ ಹೊತ್ತ ಮಾನ್ಯ ಮುಖ್ಯಾಧಿಕಾರಿಗಳೇ,

ನಮ್ಮ ಸವಾಯಿ ದ್ವೀಪದ ಹಡಗುಕಟ್ಟೆಯ ಪೆಟ್ರೋಲ್ ಬಂಕಿನಲ್ಲಿ ತಾವು ಹಾಕಿಸಿರುವ ಬೋರ್ಡಿನಲ್ಲಿ ಸಿಗರೇಟಿನ ಚಿತ್ರಕ್ಕೆ ಕೆಂಪು ಗೀಟು ಎಳೆದಿದೆ. ಇ-ಸಿಗರೇಟಿನ ಸುದ್ದಿಯೇ ಇಲ್ಲ. ಈ ಒಂದು ಕೊರತೆಯಿಂದ ನನ್ನ ತಮ್ಮನ ಮಗಳು ಸುಟ್ಟು ಕರಕಲಾಗುವುದರಲ್ಲಿದ್ದಳು. ಸುಡಲು ಹೊರಟಿದ್ದವನು ನಾನೇ. ಹಾಗಾಗಿ ಈ ದೂರು ಬರೆಯಲು ನನಗಿಂತ ಯೋಗ್ಯರು ತಮಗೆ ಸಿಗಲಾರರು.

ನಾನು ನಮ್ಮ ಮನೆತನದ ಮಾತಾಯಿ, ಅಂದರೆ ಯಜಮಾನ. ತಂಬಾಕು ಬಿಡಲಿ ಎಂದು ಆಕ್ಲೆಂಡಿನ ತಂಗಿ ಮಾವಿನ ಪರಿಮಳದ ಇ-ಸಿಗರೇಟು ಕಳಿಸಿದ್ದಳು. ತಂಬಾಕು ಬಿಟ್ಟೆ, ಇದನ್ನು ಹಿಡಿದೆ. ಹೋದ ತಿಂಗಳು ಒಂದು ಶನಿವಾರ ಬಂಕಿನಲ್ಲಿ ಪಿಕಪ್ ನಿಲ್ಲಿಸಿ, ಕಿಟಕಿ ಇಳಿಸಿ, ಗಮ್ಮತ್ತಾಗಿ ಆವಿ ಬಿಡುತ್ತಿದ್ದೆ. ಪೆಟ್ರೋಲ್ ಹಾಕುತ್ತಿದ್ದವಳು ಪೆನಿನಾ, ಅದೇ ನನ್ನ ತಮ್ಮನ ಮಗಳು.

ಕೂತ ಹಿರಿಯರಿಗೆ ನಿಂತುಕೊಂಡು ಬುದ್ಧಿ ಹೇಳುವ ಪದ್ಧತಿ ನಮ್ಮಲ್ಲುಂಟೇ? ನಳಿಕೆಯನ್ನು ಟ್ಯಾಂಕಿಗೆ ಸಿಕ್ಕಿಸಿ, 'ತುಲೋ' ಎಂದು ಕ್ಷಮೆ ಬೇಡಿ, ಅವಳು ಸಿಮೆಂಟು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಳು. ಮೊದಲು ನಮ್ಮ ವಂಶದ ಹಿರಿಯರನ್ನು ಹೊಗಳಿದಳು, ಆಮೇಲೆ ಊರಿನ ಹಿರಿಯರನ್ನು. ಕೊನೆಗೆ, ಅದನ್ನು ಒಳಗಿಡಬಹುದೇ ಎಂದಳು. ನನಗೋ ಮೂಗಿನ ತುದಿಯಲ್ಲೇ ಕೋಪ. ತಮ್ಮ ಬೋರ್ಡು ತೋರಿಸಿದೆ. ಇದರಲ್ಲಿ ಬೆಂಕಿ ಎಲ್ಲಿದೆ, ಇದು ಬರೀ ಆವಿ, ನಿಮ್ಮಮ್ಮ ಕೆಸುವಿನ ಗಡ್ಡೆ ಬೇಯಿಸಿದರೂ ಬರುತ್ತೆ ಎಂದು ಭಾಷಣ ಶುರುಮಾಡಿದೆ. ತಾನಾಗಿ ನಿಲ್ಲಬೇಕಾದ ಹಳೇ ನಳಿಕೆ ನಿಲ್ಲಲಿಲ್ಲ. ಟ್ಯಾಂಕು ತುಂಬಿ ಪೆಟ್ರೋಲ್ ನೆಲಕ್ಕೆ ಹರಿಯಿತು. ನನ್ನ ಮಾತೂ ಹರಿಯುತ್ತಿತ್ತು.

"ದೊಡ್ಡಪ್ಪ," ಎಂದಳು ಪೆನಿನಾ, ತಗ್ಗಿಸಿದ ತಲೆ ಎತ್ತದೆ, "ನನ್ನ ಲುಂಗಿ ಪೂರ್ತಿ ನೆಂದಿದೆ. ನೀವು ಮಾತು ಮುಗಿಸಿದ್ರೆ ನಾನು ಏಳ್ತೀನಿ."

ನನ್ನ ಹೆಬ್ಬೆರಳು ಆಗಲೂ ಇ-ಸಿಗರೇಟಿನ ಗುಂಡಿಯ ಮೇಲೇ ಇತ್ತು, ಮಾನ್ಯರೇ. ಬೆರಳು ಎತ್ತಿ, ಮೊದಲು ಎದ್ದು ಓಡು ಮಗಳೇ ಎಂದೆ. ನನ್ನ ಜೀವಮಾನದ ಅತಿ ಚಿಕ್ಕ ಭಾಷಣ ಅದು.

ಮನೆಗೆ ಬಂದು, ರೇಡಿಯೊ ರಿಪೇರಿಯ ಸೆಫೊ ಕೈಯಲ್ಲಿ ಅದನ್ನು ಬಿಚ್ಚಿಸಿದೆ. ಗುಂಡಿ ಒತ್ತಿದೊಡನೆ ಒಳಗಿನ ಪುಟ್ಟ ತಂತಿ ಕೆಂಡವಾಯಿತು. ಒಣ ತೆಂಗಿನ ನಾರು ತಾಗಿಸಿದ, ಹತ್ತಿಕೊಂಡಿತು. ಬ್ಯಾಟರಿ ಕೆಟ್ಟರೆ ಕಿಡಿ ಹಾರುವುದು ಬೇರೆ ಎಂದ. ತಮ್ಮ ಬೋರ್ಡನ್ನು ನಾನು ಓದಿದ್ದೆ. ಪೆಟ್ರೋಲಿಗೆ ಓದು ಬರುವುದಿಲ್ಲ.

ತಮ್ಮ ಕಚೇರಿಗೂ ಹೋಗಿದ್ದೆ. ಸಿಗರೇಟಿನ ಚಿತ್ರ ಇದೆಯಲ್ಲ, ಉಳಿದದ್ದನ್ನು ಜನ ಅರ್ಥ ಮಾಡಿಕೊಳ್ಳುತ್ತಾರೆ ಎಂದರು ಅಲ್ಲಿನ ಗುಮಾಸ್ತರು. ಯಾವ ಜನ ಸ್ವಾಮಿ? ಆ ಜನ ನಾನೇ. ನನಗೇ ಅರ್ಥವಾಗಲಿಲ್ಲ.

ಇನ್ನು ಮೇಲೆ ನಿಂತೇ ಗದರಿಸು ಎಂದು ಪೆನಿನಾಗೆ ಮನೆಯವರೆಲ್ಲರ ಎದುರು ಅಪ್ಪಣೆ ಕೊಟ್ಟಿದ್ದೇನೆ. ನಿನ್ನೆ ಮತ್ತೆ ಬಂಕಿಗೆ ಹೋದೆ. ಈ ಪತ್ರದ ಯೋಚನೆಯಲ್ಲಿ ಬಾಯಲ್ಲಿ ಪೆನ್ನು ಕಚ್ಚಿದ್ದೆ. ಅವಳು ದೂರದಿಂದ ನೋಡಿದವಳೇ ಕೂರಲು ಮೊಣಕಾಲು ಬಗ್ಗಿಸಿದಳು.

ಆದ್ದರಿಂದ ಬೋರ್ಡು ಬದಲಿಸಿ. ಇ-ಸಿಗರೇಟಿನ ಚಿತ್ರ ಬರೆಸಿ, ನಳಿಕೆ ರಿಪೇರಿ ಮಾಡಿಸಿ, ಮಾತಾಯಿಗಳೂ ಪಾದ್ರಿಗಳೂ ಹೊರತಲ್ಲ ಎಂದು ದೊಡ್ಡಕ್ಷರದಲ್ಲಿ ಹಾಕಿಸಿ. ನಮ್ಮ ಹುಡುಗಿ ನನ್ನೆದುರು ನಿಲ್ಲಲಾರಳು. ಬೋರ್ಡಾದರೂ ನಿಂತು ಹೇಳಲಿ.

ಇಂತಿ,
ನಡುವೆ ಮಾತು ನಿಲ್ಲಿಸಲು ತಡವಾಗಿ ಕಲಿತ
ಮಾತಾಯಿ ವೈಟೊವಾ